ಎಟಿಟೈನಿ85: ಟ್ಯಾಂಕ್ ಕಾಯಲು ಈ ಪುಟ್ಟ ಚಿಪ್ ಸಾಕು

ನಮ್ಮ ಅಡುಗೆಮನೆ ಗೋಡೆಯ ಮೇಲೆ ಮೂರು ಎಲ್‌ಇಡಿ ಇವೆ. ತಾರಸಿಯ ಟ್ಯಾಂಕ್ ತುಂಬಿದ್ದರೆ ಹಸಿರು, ನಡುವೆ ಇದ್ದರೆ ಹಳದಿ, ತಳ ಕಂಡರೆ ಕೆಂಪು. ಇದನ್ನೆಲ್ಲ ನೋಡಿಕೊಳ್ಳುವುದು ಎಟಿಟೈನಿ85 ಎಂಬ ಒಂದು ಮೈಕ್ರೋಕಂಟ್ರೋಲರ್, ಅಂದರೆ ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಚಿಪ್. ವರ್ಷಗಳಿಂದ ಓಡುತ್ತಿದೆ, ಚಿಪ್ ಬದಲಾಯಿಸುವ ಪ್ರಸಂಗವೇ ಬಂದಿಲ್ಲ.

ಇದಕ್ಕೆ 8 ಪಿನ್. ಎರಡು ಪವರ್‌ಗೆ, ಒಂದು ರೀಸೆಟ್‌ಗೆ ಹೋದರೆ ಉಳಿಯುವುದು ಐದೇ. ನೀರಿನ ಮಟ್ಟಕ್ಕೆ ತಕ್ಕಂತೆ ತೇಲಿ ಆನ್-ಆಫ್ ಆಗುವ ಎರಡು ಫ್ಲೋಟ್ ಸ್ವಿಚ್, ಮೂರು ದೀಪ, ಅಲ್ಲಿಗೆ ಮುಗಿಯಿತು. ರೀಸೆಟ್ ಪಿನ್ನನ್ನೂ ಬಳಸಲು ದಾರಿಯಿದೆ, ಆದರೆ ಆಮೇಲೆ ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಮಾಮೂಲಿ ಸಾಧನ (ಪ್ರೋಗ್ರಾಮರ್) ಕೆಲಸಕ್ಕೆ ಬರುವುದಿಲ್ಲ. 12 ವೋಲ್ಟ್ ಕೊಡುವಂಥದ್ದು ಬೇಕಾಗುತ್ತದೆ. ಆ ಗೋಜು ಬೇಡ. ಸ್ವಿಚ್ ಜಾಸ್ತಿ ಬೇಕಿದ್ದರೆ ಬೇರೆ ಬೇರೆ ಓಮ್ ರೆಸಿಸ್ಟರ್ ಹಾಕಿ, ಎರಡು ಮೂರನ್ನು ವೋಲ್ಟೇಜ್ ಎಷ್ಟೆಂದು ಅಳೆಯಬಲ್ಲ ಒಂದೇ ಅನಲಾಗ್ ಪಿನ್ನಿಗೆ ಕೊಡಬಹುದು.

ನಿಜವಾಗಿ ಗಮನ ಬೇಕಿರುವುದು ಸ್ವಿಚ್ ವೈರಿಂಗ್‌ಗೆ. ಮೇಜಿನ ಮೇಲಾದರೆ, ಸ್ವಿಚ್ ತೆರೆದಿದ್ದಾಗ ಪಿನ್ನನ್ನು ಪವರ್ ಕಡೆಗೆ ಎಳೆದು ಹಿಡಿಯುವ ಚಿಪ್ಪಿನೊಳಗಿನ ರೆಸಿಸ್ಟರ್ ಅಂದರೆ ಪುಲ್‌ಅಪ್ ಸಾಕು: ಸ್ವಿಚ್‌ನ ಒಂದು ತುದಿ ಪಿನ್ನಿಗೆ, ಇನ್ನೊಂದು ಗ್ರೌಂಡ್‌ಗೆ. ಆದರೆ ಆ ಪುಲ್‌ಅಪ್ 20ರಿಂದ 50 ಕಿಲೋ ಓಮ್. ತಾರಸಿಯಿಂದ ಇಳಿದು ಬರುವ ಉದ್ದದ ವೈರಿಗೆ ಅದರ ಹಿಡಿತ ಸಾಲದು. ಪಂಪ್ ಆನ್ ಆದಾಗಲೆಲ್ಲ ದೀಪಗಳು ಸುಮ್ನೆ ಮಿನುಗುತ್ತಿದ್ದವು. ಹೊರಗಿನಿಂದ 4.7 ಕಿಲೋ ಓಮ್ ಪುಲ್‌ಅಪ್, ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಆ ಕಾಟ ನಿಂತಿತು. ಇಷ್ಟೇ ಮೈಕ್ರೋಫ್ಯಾರಡ್ ಇರುವ ಇನ್ನೊಂದು ಕೆಪಾಸಿಟರ್ ಚಿಪ್ಪಿನ ಪವರ್ ಪಿನ್‌ಗಳ ನಡುವೆಯೂ ಇರಲೇಬೇಕು.

ಕೈಯಲ್ಲಿ ಒತ್ತುವ ಬಟನ್‌ಗೆ 20 ಮಿಲಿಸೆಕೆಂಡ್ ಡಿಬೌನ್ಸ್ (ಸ್ವಿಚ್ ಸಂಪರ್ಕದ ಅದುರಾಟ ನಿಲ್ಲುವವರೆಗೆ ಕಾಯುವುದು) ಕೊಟ್ಟರೆ ಧಾರಾಳ. ಫ್ಲೋಟ್ ಹಾಗಲ್ಲ, ನೀರು ಬೀಳುವಾಗ ಕುಣಿಯುತ್ತಲೇ ಇರುತ್ತದೆ. ಎರಡು ಮೂರು ಸೆಕೆಂಡ್ ಒಂದೇ ಸ್ಥಿತಿಯಲ್ಲಿದ್ದರೆ ಮಾತ್ರ ದೀಪ ಬದಲಿಸುವಂತೆ ಬರೆದಿದ್ದೇನೆ.

ದೀಪಗಳದ್ದು ತಕರಾರಿಲ್ಲ. 5 ವೋಲ್ಟ್‌ನಲ್ಲಿ ಕೆಂಪು ಎಲ್‌ಇಡಿಗೆ 330 ಓಮ್ ಹಾಕಿದರೆ ಸುಮಾರು 9 ಮಿಲಿಆಂಪ್ ಹರಿಯುತ್ತದೆ. ರಾತ್ರಿ ಅದು ಕಣ್ಣಿಗೆ ಚುಚ್ಚುತ್ತದೆ. 1 ಕಿಲೋ ಓಮ್ ಹಾಕಿ, ಮನೆಯೊಳಗೆ ಅಷ್ಟು ಬೆಳಕು ಬೇಕಾದಷ್ಟಾಯಿತು.

ಹೊಸಬರಿಗೆ ಒಂದು ಮಾತು. ಅಂಗಡಿಯಿಂದ ಬಂದ ಹೊಸ ಚಿಪ್ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಪ್ರೋಗ್ರಾಮ್ ಬರೆಯುವ ಆರ್ಡುಯಿನೋ ತಂತ್ರಾಂಶದಲ್ಲಿ 8 ಮೆಗಾಹರ್ಟ್ಸ್ ಎಂದು ಆರಿಸಿ, ಚಿಪ್ಪಿನೊಳಗೆ ವೇಗ ನಿರ್ಧರಿಸುವ ಸೆಟ್ಟಿಂಗ್ (ಫ್ಯೂಸ್) ಬದಲಿಸದೆ ಪ್ರೋಗ್ರಾಮ್ ಹಾಕಿದರೆ ಒಂದು ಸೆಕೆಂಡ್ ಎಂದು ಬರೆದದ್ದು ಎಂಟು ಸೆಕೆಂಡ್ ಆಗುತ್ತದೆ. ಮೊದಲು ಒಮ್ಮೆ ‘ಬರ್ನ್ ಬೂಟ್‌ಲೋಡರ್’ ಒತ್ತಿ, ಆಗ ಫ್ಯೂಸ್ ಬದಲಾಗುತ್ತದೆ. ಚಿಪ್ಪನ್ನು ನೇರ ಬೆಸುಗೆ ಹಾಕದೆ ಐಸಿ ಸಾಕೆಟ್‌ನಲ್ಲಿ ಕೂರಿಸಿ, ಪ್ರೋಗ್ರಾಮ್ ತಿದ್ದಬೇಕಾದಾಗ ಕಿತ್ತು ತೆಗೆಯುವುದು ಸುಲಭ.