ಈಗಲ್ ಲೇಕ್, ವಿಚ್ ಹೋಲ್, ಬೆಟ್ಟದ ಸುತ್ತು: ಅಕೇಡಿಯಾದ ಮೂರು ಜಲ್ಲಿ ದಾರಿಗಳು

"ಒಂದೇ ದಿನ ಇದೆ, ಅಕೇಡಿಯಾದಲ್ಲಿ ಸೈಕಲ್ ಹೊಡೆಯೋಕೆ ಯಾವ ದಾರಿ ಹಿಡಿಯಲಿ?" ಅಂತ ಯಾರಾದರೂ ಕೇಳಿದರೆ ನಾನು ಮೊದಲೆಲ್ಲ ಕಣ್ಣು ಮುಚ್ಚಿ ಈಗಲ್ ಲೇಕ್ ಅಂತಿದ್ದೆ. ಈಗ ಹಾಗೆ ಹೇಳಲ್ಲ. ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಹೋಗಿ ಮೂರು ಸುತ್ತುಗಳನ್ನೂ ತುಳಿದು ಬಂದ ಮೇಲೆ ನನ್ನ ಮನಸ್ಸು ಬದಲಾಯಿತು. ಎರಡು ಸಲವೂ ಜೊತೆಗೆ ಅಕ್ಕ ಇದ್ದಳು. ಅವಳು ಸೈಕಲ್ ಮುಟ್ಟಿ ಇಪ್ಪತ್ತು ವರ್ಷ ಆಗಿತ್ತು. ಹಾಗಾಗಿ ರೂಢಿ ಇದ್ದವರಿಗೆ ಯಾವುದು, ಇಲ್ಲದವರಿಗೆ ಯಾವುದು ಅನ್ನೋದು ಎರಡೂ ಒಟ್ಟಿಗೇ ಗೊತ್ತಾಯಿತು.

ದಾರಿಗಳ ಬಗ್ಗೆ ಮೊದಲು ಎರಡು ಮಾತು. ಅಕೇಡಿಯಾ ಒಂದು ನ್ಯಾಷನಲ್ ಪಾರ್ಕ್, ಇರುವುದು ಅಮೆರಿಕದ ಮೇಯ್ನ್ ರಾಜ್ಯದಲ್ಲಿ. ಪಾರ್ಕಿನ ಹೆಚ್ಚಿನ ಭಾಗ ಮೌಂಟ್ ಡೆಸರ್ಟ್ ಅನ್ನುವ ದ್ವೀಪದ ಮೇಲಿದೆ. ಅಲ್ಲಿನ ಈ ಜಲ್ಲಿ ರಸ್ತೆಗಳಿಗೆ ಕ್ಯಾರೇಜ್ ರೋಡ್ ಅಂತಾರೆ, ಅಂದರೆ ಕುದುರೆಗಾಡಿ ರಸ್ತೆ. ಜಾನ್ ಡಿ. ರಾಕ್‌ಫೆಲರ್ ಜೂನಿಯರ್ 1913ರಿಂದ 1940ರವರೆಗೆ ಇವನ್ನು ಕಟ್ಟಿಸಿದರು. ದ್ವೀಪಕ್ಕೆ ಆಗ ಕಾರುಗಳು ಬರತೊಡಗಿದ್ದವು. ಕುದುರೆಗಾಡಿ ಓಡಿಸುವುದೆಂದರೆ ಅವರಿಗೆ ಪ್ರಾಣ, ಕಾರಿನ ಕಾಟ ಇಲ್ಲದ ರಸ್ತೆ ಬೇಕಿತ್ತು. ಪಾರ್ಕಿನ ಒಳಗೆ ಈಗ ಇಂಥ ದಾರಿ ಸುಮಾರು 45 ಮೈಲಿ ಇದೆ, ಅಂದರೆ 72 ಕಿಲೋಮೀಟರ್. ಇವತ್ತಿಗೂ ಕಾರು, ಬೈಕು ಯಾವುದಕ್ಕೂ ಪ್ರವೇಶ ಇಲ್ಲ.

ಕುದುರೆಗಾಗಿ ಮಾಡಿದ್ದು ಅನ್ನೋದು ಪೆಡಲ್ ತುಳಿಯುವಾಗ ಕಾಲಿಗೇ ತಿಳಿಯುತ್ತದೆ. ಏರು ಎಲ್ಲೂ ಗೋಡೆಯ ಹಾಗೆ ಎದುರು ನಿಲ್ಲುವುದಿಲ್ಲ. ಉದ್ದಕ್ಕೆ, ಒಂದೇ ಸಮ ಏರುತ್ತಾ ಹೋಗುತ್ತದೆ. ಒಂದು ಗೇರ್ ಹಾಕಿಕೊಂಡು ಉಸಿರು ಹಿಡಿತಕ್ಕೆ ತಂದುಕೊಂಡರೆ ಸಾಕು. ರಸ್ತೆಯ ಅಗಲ 16 ಅಡಿ. ಮೂರು ಪದರ ಕಲ್ಲು, ನಡುಮಧ್ಯ ಸ್ವಲ್ಪ ಉಬ್ಬು, ಎರಡೂ ಕಡೆ ಚರಂಡಿ. ಜೂನ್‌ನಲ್ಲಿ ರಾತ್ರಿಯಿಡೀ ಮಳೆ ಸುರಿದು ಬೆಳಗ್ಗೆ ಏಳಕ್ಕೆ ನಾವು ಹೊರಟಾಗ ರಸ್ತೆಯ ಮೇಲೆ ಒಂದು ಗುಂಡಿಯಲ್ಲೂ ನೀರು ನಿಂತಿರಲಿಲ್ಲ. ಪಕ್ಕದ ಚರಂಡಿಯಲ್ಲಿ ಮಾತ್ರ ಕುಳುಕುಳು ಅಂತ ಹರೀತಿತ್ತು. ನಾನು ಸೈಕಲ್ ನಿಲ್ಲಿಸಿ ಬಗ್ಗಿ ನೋಡಿದೆ. ನೂರು ವರ್ಷದ ಹಿಂದಿನ ಕೆಲಸ ಇನ್ನೂ ಅಷ್ಟು ಅಚ್ಚುಕಟ್ಟಾಗಿದೆ.

ಈಗ ಈಗಲ್ ಲೇಕ್. ಸುತ್ತು 6 ಮೈಲಿ, ಹತ್ತು ಕಿಲೋಮೀಟರ್ ಹತ್ತಿರ. ಉತ್ತರದ ತುದಿಯಲ್ಲಿ ಕಾರು ನಿಲ್ಲಿಸಿ 1927ರ ಕಲ್ಲಿನ ಸೇತುವೆಯ ಕೆಳಗೆ ಹಾದು ಹೋಗಬೇಕು. ಮೇಲೆ ಡಾಂಬರು ರಸ್ತೆ, ಕೆಳಗೆ ನಾವು. ಇಡೀ ಸುತ್ತಿನಲ್ಲಿ ಕಾರಿನ ಸದ್ದು ನಮಗೆ ಚೆನ್ನಾಗಿ ಕೇಳಿದ್ದು ಅಲ್ಲೊಂದೇ ಕಡೆ. ನೀರನ್ನು ಬಲಗಡೆ ಇಟ್ಟುಕೊಂಡು ಹೊರಟರೆ ಮೊದಲ ಭಾಗ ಬಹಳ ಚೆಂದ. ಸರೋವರದ ಅಂಚಿಗೇ ದಾರಿ, ಆಚೆ ದಡದಲ್ಲಿ ಕಾಡು ತುಂಬಿದ ಬೆಟ್ಟ. ಅಕ್ಕನಿಗೆ ಇಲ್ಲೇ ಧೈರ್ಯ ಬಂತು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿದ್ದ ಕೈ ಸಡಿಲ ಮಾಡಿ, ಒಂದು ಬೆರಳಲ್ಲಿ ಬೆಲ್ ಹೊಡೆದು ನೋಡಿದಳು.

ಆದರೆ ಈ ಸುತ್ತಿನ ಹೆಸರು ಕೇಳಿ ಹತ್ತು ಕಿಲೋಮೀಟರ್ ಉದ್ದಕ್ಕೂ ನೀರು ಕಾಣುತ್ತದೆ ಅಂದುಕೊಳ್ಳಬೇಡಿ. ಆ ಮೊದಲ ಭಾಗ ಮುಗಿದ ಮೇಲೆ ದಾರಿ ಮರಗಳ ಒಳಗೆ ಸರಿಯುತ್ತದೆ. ತೆಂಕಣ ತುದಿಯಲ್ಲಿ ಬಬಲ್ ಪಾಂಡ್ ಅನ್ನುವ ಪುಟ್ಟ ಕೆರೆ ಸಿಗುತ್ತದೆ, ಅಲ್ಲಿ ಐದು ನಿಮಿಷ ನಿಲ್ಲಿ. ಆಮೇಲೆ ಕಾನರ್ಸ್ ನಬಲ್ ಗುಡ್ಡದ ಬುಡದಲ್ಲಿ ಏರು ಶುರು. ಸರೋವರ ಕೊಂಬೆಗಳ ಸಂದಿಯಲ್ಲಿ ಮಿಂಚಿ ಮರೆಯಾಗುತ್ತದೆ, ಅಷ್ಟೇ. ಕೊನೆಗೆ ಪಶ್ಚಿಮದ ಕಡೆ ಒಳ್ಳೇ ಇಳಿಜಾರು. ಇನ್ನೊಂದು ವಿಷಯ: ಈಗಲ್ ಲೇಕ್ ಬಾರ್ ಹಾರ್ಬರ್ ಊರಿನ ಕುಡಿಯುವ ನೀರು. ಈಜೋದಿರಲಿ, ಕಾಲು ಇಳಿಬಿಡುವ ಹಾಗೂ ಇಲ್ಲ. ಬಿಸಿಲಲ್ಲಿ ಸುತ್ತು ಹೊಡೆದು ನೀರಿಗೆ ಇಳಿಯೋಣ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ.

ಜನ ಜಾಸ್ತಿ ಇರೋದೂ ಇಲ್ಲೇ. ಬೆಳಗ್ಗೆ ಒಂಬತ್ತು ದಾಟಿದರೆ ನಡೆಯುವವರು, ಮಕ್ಕಳ ಗಾಡಿ ತಳ್ಳುವವರು, ನಾಯಿ ಹಿಡಿದವರು ಎಲ್ಲ ಸಿಗುತ್ತಾರೆ. ಕ್ಯಾರೇಜ್ ರೋಡಿನಲ್ಲಿ ಸೈಕಲ್‌ನವರು ಎಲ್ಲರಿಗೂ ದಾರಿ ಬಿಡಬೇಕು, ಕುದುರೆ ಬಂದರೆ ಇನ್ನೂ ಹುಷಾರಾಗಿರಬೇಕು. ವೇಗದ ಮಿತಿ ಗಂಟೆಗೆ 20 ಮೈಲಿ. ಆ ಇಳಿಜಾರಿನಲ್ಲಿ ಬ್ರೇಕ್ ಬಿಟ್ಟರೆ ಅದನ್ನು ದಾಟುವುದು ಕಷ್ಟವೇ ಅಲ್ಲ. ದಯವಿಟ್ಟು ಬಿಡಬೇಡಿ. ತಿರುವಿನಾಚೆ ಒಂದು ಮಗು ಕಲ್ಲು ಆರಿಸುತ್ತಾ ಕೂತಿತ್ತು, ನಾವೇ ಕಣ್ಣಾರೆ ನೋಡಿದೆವು.

ವಿಚ್ ಹೋಲ್ ಪಾಂಡ್ ಸುತ್ತು ಚಿಕ್ಕದು, 3.3 ಮೈಲಿ. ಮುಕ್ಕಾಲು ಗಂಟೆ ಸಾಕು. ಏರಿಳಿತ ಇದೆ, ಆದರೆ ಯಾವುದೂ ಉದ್ದ ಇಲ್ಲ. ಹಲ್ಸ್ ಕೋವ್ ವಿಸಿಟರ್ ಸೆಂಟರ್‌ನಿಂದ ಹೊರಟರೆ ಮಾತ್ರ ಮೊದಲೇ ಒಂದು ಕಡಿದಾದ ಅರ್ಧ ಮೈಲಿ ಸಿಗುತ್ತದೆ. ಅದು ಆಮೇಲೆ ಜೋಡಿಸಿದ ದಾರಿ, ಕುದುರೆಯ ಲೆಕ್ಕದ್ದಲ್ಲ. ಅಕ್ಕ ಇಳಿದು ತಳ್ಳಿಕೊಂಡು ಬಂದಳು. ಇಲ್ಲಿಯ ಕಾಡು ಬೇರೆ ಥರ. 1947ರ ಅಕ್ಟೋಬರ್‌ನಲ್ಲಿ ದ್ವೀಪಕ್ಕೆ ಬೆಂಕಿ ಬಿದ್ದು 17,000 ಎಕರೆಗಿಂತ ಜಾಸ್ತಿ ಸುಟ್ಟುಹೋಯಿತು. ಕಪ್ಪು ಹಸಿರಿನ ಸ್ಪ್ರೂಸ್ ಮರ ಇದ್ದ ಕಡೆ ಆಮೇಲೆ ಬಿಸಿಲು ಬಿದ್ದು ಬರ್ಚ್, ಆಸ್ಪೆನ್ ಎದ್ದವು, ಎಲೆ ಉದುರುವ ಮುಂಚೆ ಹಳದಿಯಾಗುವ ಮರಗಳು. ಅದಕ್ಕೇ ಅಕ್ಟೋಬರ್‌ನಲ್ಲಿ ಇಲ್ಲಿ ಹಳದಿಯೋ ಹಳದಿ. ಕೆರೆಯಲ್ಲಿ ಬೀವರ್ ಅನ್ನುವ ಪ್ರಾಣಿ ಕಟ್ಟಿದ ಕಡ್ಡಿಗಳ ಗುಪ್ಪೆ ಕಂಡಿತು. ಪ್ಯಾರಡೈಸ್ ಹಿಲ್ ಕಡೆ ಸ್ವಲ್ಪ ಸುತ್ತಿ ಬಂದರೆ ಸಮುದ್ರವೂ ಕಾಣುತ್ತದೆ.

ನನ್ನ ಮುಂದಿನ ಚಕ್ರ ಜಾರಿದ್ದೂ ಅಲ್ಲೇ. ಬಾಡಿಗೆ ಅಂಗಡಿಯವರು ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿ ಕೊಟ್ಟಿದ್ದರು. ಮೇಲಿನ ಪುಡಿಜಲ್ಲಿ ಇಳಿಜಾರಿನ ತಿರುವಿನ ಹೊರಬದಿಗೆ ಸರಿದು ಸಡಿಲವಾಗಿ ಕೂತಿರುತ್ತದೆ. ಚಕ್ರ ಅದರ ಮೇಲೆ ಹೋಗಿ ಪಕ್ಕಕ್ಕೆ ಎಳೆಯಿತು. ಕಾಲು ಊರಿ ಬಚಾವಾದೆ, ಮೊಣಕಾಲು ತರಚಿತು. ಅಲ್ಲೇ ನಿಂತು ಎರಡೂ ಟೈರಿನಿಂದ ಗಾಳಿ ಬಿಟ್ಟೆ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು. ಆಮೇಲೆ ಅದೇ ಸೈಕಲ್ ನೆಲ ಹಿಡಿದುಕೊಂಡು ಹೋಯಿತು, ಕೈಗೆ ಬಡಿಯುತ್ತಿದ್ದ ನಡುಕವೂ ಅರ್ಧ ಇಳಿಯಿತು. ಅಗಲ ಟೈರಿನ ಸೈಕಲ್ಲೇ ಕೇಳಿ ತಗೊಳ್ಳಿ, 40 ಮಿಲಿಮೀಟರ್ ಇದ್ದರೆ ಧಾರಾಳ. ಹೊರಡುವ ಮೊದಲು ಗಾಳಿ ಒತ್ತಿ ನೋಡಿ.

ಇನ್ನು ಬೆಟ್ಟದ ಸುತ್ತು, ಅರೌಂಡ್ ಮೌಂಟನ್. ಇದರ ಬಗ್ಗೆ ಬರೆಯೋಕೇ ನಾನು ಕೂತಿದ್ದು.

ಪೆನಾಬ್‌ಸ್ಕಾಟ್, ಸಾರ್ಜೆಂಟ್, ಪಾರ್ಕ್‌ಮನ್ ಬೆಟ್ಟಗಳನ್ನು ಬಳಸುವ ದಾರಿ ಇದು. 11 ಮೈಲಿ ಚಿಲ್ಲರೆ. ಜಾರ್ಡನ್ ಪಾಂಡ್ ಕಡೆಯಿಂದ ಹತ್ತಿ ಉತ್ತರಕ್ಕೆ ತಿರುಗಿದರೆ ಕೆರೆ ಬಲಗಡೆ, ಕೆಳಗೆ ಉಳಿಯುತ್ತದೆ. ಒಂದು ಕಡೆ ಇಡೀ ಬೆಟ್ಟದ ಬದಿಯೇ ಕುಸಿದು ಬಂದ ಹಾಗೆ ಬಂಡೆಗಳ ರಾಶಿ. ಆ ರಾಶಿಯ ಮೇಲೇ ರಸ್ತೆ ಹೋಗುತ್ತದೆ. ಅಲ್ಲಿ ಮರ ಇಲ್ಲ, ಹಾಗಾಗಿ ಮರೆಯೂ ಇಲ್ಲ. ಕಾಲಡಿಯಲ್ಲಿ ಜಾರ್ಡನ್ ಪಾಂಡ್ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಆಚೆ ದಡದಲ್ಲಿ ಬಬಲ್ಸ್ ಅನ್ನುವ ಜೋಡಿ ಗುಡ್ಡ. ರಸ್ತೆಯ ಅಂಚಿಗೆ ಗ್ರಾನೈಟ್ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದಾರೆ. ಊರವರು ಇವಕ್ಕೆ ರಾಕ್‌ಫೆಲರ್ ಹಲ್ಲು ಅಂತಾರಂತೆ. ಒಂದರ ಮೇಲೆ ಕೂತು ನೀರು ನೋಡಿದೆ. ಗಾಳಿ ಬೀಸಿದಾಗ ಕೆರೆಯ ಮೇಲೆ ಕಪ್ಪು ಪಟ್ಟೆ ಓಡುವುದು ಆ ಎತ್ತರದಿಂದ ಕಾಣುತ್ತದೆ. ಈಗಲ್ ಲೇಕ್ ದಡದಲ್ಲಿ ನಿಂತಾಗ ನನಗೆ ಸರೋವರದ ಒಂದು ಅಂಚು ಸಿಕ್ಕಿತ್ತು, ಇಲ್ಲಿ ಇಡೀ ಕೆರೆ ಸಿಕ್ಕಿತು. ನನ್ನ ಉತ್ತರ ಬದಲಾಗಿದ್ದು ಆ ಕಲ್ಲಿನ ಮೇಲೆ.

ಮುಂದೆ 10ನೇ ಗುರುತಿನ ಕಂಬ. ಕೂಡುದಾರಿಗಳಿಗೆಲ್ಲ ಇಲ್ಲಿ ನಂಬರ್ ಇದೆ, ನಕ್ಷೆ ಕೈಯಲ್ಲಿರಲಿ. ಒಂದು ದಾರಿ ಈಗಲ್ ಲೇಕ್ ಕಡೆ ಹೋಗುತ್ತದೆ, ನಮ್ಮದು ಬೆಟ್ಟದ ಕಡೆ. ಅಲ್ಲಿಂದ ಏರು, ತಿರುವು, ಮತ್ತೆ ಏರು. ಒಬ್ಬರೂ ಸಿಗಲಿಲ್ಲ. ಟೈರಿನ ಕೆಳಗೆ ಜಲ್ಲಿ ಕರಕರ ಅನ್ನುವುದು, ಚೈನ್ ಸದ್ದು, ಉಸಿರು, ಇಷ್ಟೇ. ನೆತ್ತಿ ದಾಟಿ ಪಶ್ಚಿಮಕ್ಕೆ ಹೊರಳಿದಾಗ ಕೆಳಗೆ ಸೋಮ್ಸ್ ಸೌಂಡ್ ಕಂಡಿತು, ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರದ ನೀಳ ನಾಲಿಗೆ.

ಇಳಿಯುವಾಗ ಕಲ್ಲಿನ ಸೇತುವೆಗಳು ಒಂದಾದ ಮೇಲೊಂದು. ಒಂದರ ಹಾಗೆ ಇನ್ನೊಂದಿಲ್ಲ. 1924ರ ಹೆಮ್ಲಾಕ್ ಸೇತುವೆ, 1925ರ ವಾಟರ್‌ಫಾಲ್ ಸೇತುವೆ ಎರಡೂ ಹತ್ತಿರ ಹತ್ತಿರ. ಎರಡನೆಯದರ ಪಕ್ಕದಲ್ಲೇ 40 ಅಡಿ ಜಲಪಾತ. ಜೂನ್ ಮಳೆಯಲ್ಲಿ ಅದು ಭೋರ್ಗರೆಯುತ್ತಿತ್ತು, ಹನಿ ಮುಖಕ್ಕೆ ಸಿಡಿಯಿತು. ಅಕ್ಟೋಬರ್‌ನಲ್ಲಿ ಬರೀ ಒಂದು ಎಳೆ. ಈ ಬದಿಗೆ 1947ರ ಬೆಂಕಿ ತಲುಪಲಿಲ್ಲ. ಹಳೇ ಕಾಡು ಹಾಗೇ ಉಳಿದಿದೆ, ಮಧ್ಯಾಹ್ನವೂ ನೆರಳು, ಪಾಚಿ, ತಂಪು.

ತೊಂದರೆಯೂ ಇದೆ. ನನಗೆ ಎರಡೂವರೆ ಗಂಟೆ ಹಿಡಿಯಿತು, ಅದೂ ಫೋಟೋ ಕಡಿಮೆ ತೆಗೆದು. ನಡುವೆ ಸಾಕು ಅನ್ನಿಸಿದರೆ ವಾಪಸ್ ಬರೋಕೆ ಹತ್ತಿರದ ದಾರಿ ಇಲ್ಲ. ನೀರು, ಪಂಕ್ಚರ್ ಸಾಮಾನು ಇಟ್ಟುಕೊಳ್ಳದೆ ಹೋಗಬೇಡಿ. ದಕ್ಷಿಣದಲ್ಲಿ ಕೆಲವು ಕ್ಯಾರೇಜ್ ರೋಡ್ ಪಾರ್ಕಿನ ಹೊರಗಿನ ಖಾಸಗಿ ಜಾಗಕ್ಕೆ ಹೋಗುತ್ತವೆ, ಅಲ್ಲಿ ಸೈಕಲ್ ಬಿಡುವುದಿಲ್ಲ. ಬೋರ್ಡ್ ನೋಡಿ ತಿರುಗಿ. ಜಾರ್ಡನ್ ಪಾಂಡ್ ದಡದ ಕಾಲುದಾರಿಯೂ ಸೈಕಲ್‌ಗೆ ಅಲ್ಲ. ಮತ್ತೆ ಹಿಮ ಕರಗುವ ಕಾಲದಲ್ಲಿ ಜಲ್ಲಿ ಮೆತ್ತಗಾಗಿರುತ್ತದೆ ಅಂತ ಈ ದಾರಿಗಳನ್ನೆಲ್ಲ ಮುಚ್ಚುತ್ತಾರೆ. ಏಪ್ರಿಲ್‌ನಲ್ಲಿ ಟಿಕೆಟ್ ತೆಗೆಯುವ ಮುಂಚೆ ಇದು ನೆನಪಿರಲಿ.

ಹಾಗಾದರೆ ಯಾರಿಗೆ ಯಾವುದು? ಮಕ್ಕಳಿದ್ದರೆ, ಅಥವಾ ಅರ್ಧ ದಿನ ಮಾತ್ರ ಇದ್ದರೆ ವಿಚ್ ಹೋಲ್. ಬಹಳ ದಿನದ ಮೇಲೆ ಸೈಕಲ್ ಹತ್ತುವವರಿಗೆ ಈಗಲ್ ಲೇಕ್, ಆದರೆ ಬೆಳಗ್ಗೆ ಎಂಟರ ಒಳಗೆ. ವಾರಕ್ಕೊಂದು ಸಲವಾದರೂ ಇಪ್ಪತ್ತು ಕಿಲೋಮೀಟರ್ ತುಳಿಯುವ ರೂಢಿ ಇದ್ದರೆ ಯೋಚನೆ ಬೇಡ, ಬೆಟ್ಟಕ್ಕೆ ಹೋಗಿ.

ಅಕ್ಕ ಜೂನ್‌ನಲ್ಲಿ ಬೆಟ್ಟ ಬೇಡ ಅಂದು ಜಾರ್ಡನ್ ಪಾಂಡ್ ಹೌಸ್ ಅನ್ನುವ ರೆಸ್ಟೋರೆಂಟಿನ ಹುಲ್ಲಿನ ಮೇಲೆ ಕೂತು ನನಗೆ ಕಾದಿದ್ದಳು. ಅಕ್ಟೋಬರ್‌ನಲ್ಲಿ ಅವಳೇ ಇ-ಬೈಕ್ ಬಾಡಿಗೆಗೆ ತಗೊಂಡಳು. ಕ್ಲಾಸ್ 1ಕ್ಕೆ ಮಾತ್ರ ಅನುಮತಿ, ಅಂದರೆ ಪೆಡಲ್ ತುಳಿದರಷ್ಟೇ ಮೋಟಾರ್ ಕೈ ಹಿಡಿಯುತ್ತದೆ. ಆ ಬಂಡೆ ರಾಶಿಯ ಹತ್ತಿರ ಇಳಿದು, ಸೈಕಲ್ ಒಂದು ಹಲ್ಲಿಗೆ ಒರಗಿಸಿ, ಬಹಳ ಹೊತ್ತು ಕೆಳಗೆ ನೋಡುತ್ತಾ ನಿಂತಳು. "ಹೋದ ಸಲ ಯಾಕೋ ನನ್ನ ಬಲವಂತ ಮಾಡ್ಲಿಲ್ಲ ನೀನು?" ಅಂದಳು.