ಅಂಗಳದವರೆಗೆ ಬರುವ ಗಾಡಿ: ಫೋರ್ಸ್ ಟ್ರಾವೆಲರ್, ಎಂಟು ವರ್ಷದ ಬಳಕೆ

ನನ್ನದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. 2017ರಲ್ಲಿ ಟ್ರಾವೆಲರ್ ತೆಗೆದುಕೊಂಡೆ, 3350 ಎಂಎಂ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), 12 ಸೀಟಿನ ಗಾಡಿ. ಮೀಟರು ಈಗ 2,40,000 ಕಿಲೋಮೀಟರ್ ದಾಟಿದೆ. ಮದುವೆ ದಿಬ್ಬಣ, ಕೊಲ್ಲೂರು, ಶಬರಿಮಲೆ, ವಾರಕ್ಕೆ ಎರಡು ಸಲ ಮಂಗಳೂರಿನ ಆಸ್ಪತ್ರೆ. ಬಾಡಿಗೆ ಹೆಚ್ಚಾಗಿ ಇವೇ.

3700 ವೀಲ್‌ಬೇಸಿನ ಉದ್ದದ್ದು ತೆಗೆ, ಸೀಟು ಜಾಸ್ತಿ ಸಿಗುತ್ತದೆ ಅಂತ ಆಗ ಎಲ್ಲರೂ ಹೇಳಿದ್ದರು. ನಾನು ಒಪ್ಪಲಿಲ್ಲ. ನಮ್ಮ ಕಡೆ ಮನೆಗಳು ಮಾರ್ಗದ ಬದಿಯಲ್ಲಿರುವುದು ಕಡಿಮೆ. ಅಡಿಕೆ ತೋಟಕ್ಕೆ ಇಳಿದು, ಮುರಕಲ್ಲಿನ ಪಾಗಾರಗಳ ಎಡೆಯಲ್ಲಿ ಎರಡು ತಿರುವು ತಿರುಗಿ, ಮತ್ತೆ ಏರಿದರೆ ಅಂಗಳ. ಬಸ್ಸು ಮಾಡಿದರೆ ಅಜ್ಜ ಅಜ್ಜಿಯರು ಮಾರ್ಗದವರೆಗೆ ನಡೆಯಬೇಕು. ಈ ಗಾಡಿ ಸೀದಾ ಅಂಗಳಕ್ಕೆ ಹೋಗುತ್ತದೆ. ಕಳೆದ ಮಳೆಗಾಲ ಡಯಾಲಿಸಿಸ್‌ಗೆ ಹೋಗುವ ಹಿರಿಯರೊಬ್ಬರನ್ನು ಜಗಲಿಯಿಂದ ನಾಲ್ಕು ಹೆಜ್ಜೆಯಲ್ಲಿ ಸೀಟಿಗೆ ತಂದು ಕೂರಿಸುತ್ತಿದ್ದೆವು. ನನ್ನ ಮಟ್ಟಿಗೆ ಕೊಟ್ಟ ಹಣ ಅಲ್ಲಿಗೇ ಬಂತು.

ಎಳೆಯುವುದು ಹಿಂದಿನ ಚಕ್ರ. ಹಾಗಾಗಿ ಜನ ತುಂಬಿದಾಗ ಏರು ಹತ್ತುವುದು ಸುಲಭ; ಖಾಲಿ ಇದ್ದಾಗ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಜಾಗ್ರತೆ ಬೇಕು. ಮೈಲೇಜು ನನಗೆ ಲೀಟರಿಗೆ ಹತ್ತರ ಆಸುಪಾಸು. ಸೊಂಟ ನೋವಿನವರನ್ನು ನಡುವಿನ ಸಾಲಿನಲ್ಲಿ ಕೂರಿಸಿ. ಹಿಂದಿನ ಚಕ್ರದಾಚೆ ಕೂತವರಿಗೆ ಯಾವ ಗಾಡಿಯಲ್ಲೂ ಕುಲುಕಾಟ ಹೆಚ್ಚೇ.

ನಾವು ಸಾಮಾನು ಹೊರುವ ಗಾಡಿಗೆಲ್ಲ ‘ಟೆಂಪೊ’ ಅನ್ನುತ್ತೇವಲ್ಲ, ಅದು ಜರ್ಮನಿಯ ವಿಡಾಲ್ ಆಂಡ್ ಸೋನ್ ಕಂಪನಿಯ ಗಾಡಿಗಳ ಹೆಸರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಎನ್.ಕೆ. ಫಿರೋದಿಯಾ 1958ರಲ್ಲಿ ಅವರ ಸಹಯೋಗದಲ್ಲಿ ಕಟ್ಟಿದ ಬಜಾಜ್ ಟೆಂಪೊ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಈಗಲೂ ಅದನ್ನು ನಡೆಸುವುದು ಫಿರೋದಿಯಾ ಕುಟುಂಬ. ಟ್ರಾವೆಲರಿನ ಮೂಲ ಮರ್ಸಿಡಿಸ್‌ನ ಟಿ1 ವ್ಯಾನು, 1987ರಿಂದ ಮಾರ್ಗದಲ್ಲಿದೆ. ಇಷ್ಟು ವರ್ಷ ಒಂದೇ ಜಾತಿಯ ಗಾಡಿ ಓಡಿದ್ದರಿಂದ ನಮ್ಮಂಥವರಿಗೆ ದೊಡ್ಡ ಉಪಕಾರವಾಗಿದೆ. ಕ್ಲಚ್ಚೋ ಬೇರಿಂಗೋ ಹೋದರೆ ನಮ್ಮ ಹತ್ತಿರದ ಬದಿಯಡ್ಕ ಪೇಟೆಯಲ್ಲೇ ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳಿದ್ದಾರೆ.

ಹೊಸದಾಗಿ ತೆಗೆಯುವವರು ಒಂದು ವಿಷಯ ಮರೆಯಬೇಡಿ. ಇದು ಮೊನೊಕಾಕ್ ಬಾಡಿ. ಲಾರಿಯ ಹಾಗೆ ಬೇರೆ ಚಾಸಿಸ್ ಮೇಲೆ ಬಾಡಿ ಕೂರಿಸಿದ್ದಲ್ಲ, ತಗಡಿನ ಗೂಡೇ ಭಾರ ಹೊರುತ್ತದೆ. ಆದ್ದರಿಂದ ನಮ್ಮ ಉಪ್ಪುಗಾಳಿಯ ಊರಿನಲ್ಲಿ ತುಕ್ಕನ್ನು ಬರೀ ಬಣ್ಣದ ವಿಷಯ ಅಂತ ಬಿಡಬಾರದು. ನಾನು ಮೇಲಿನ ಕ್ಯಾರಿಯರ್ ಹಾಕಿಸಿದ್ದು ಹೊರಗಿನ ಒಂದು ವರ್ಕ್‌ಶಾಪಿನಲ್ಲಿ. ತೂತು ಕೊರೆದು ಸೀಲ್ ಮಾಡದೆ ಬಿಟ್ಟಿದ್ದರು. ಎರಡು ಮಳೆಗಾಲ ನೀರು ಒಳಗಿಳಿದು ಎಡಬದಿಯ ಫ್ಲೋರು ತಿಂದುಹೋಯಿತು. ತಗಡು ಕತ್ತರಿಸಿ ಹೊಸದು ಹಾಕಿಸಬೇಕಾಯಿತು. ಆ ವರ್ಷ ನಾಲ್ಕು ದಿಬ್ಬಣ ಕೈತಪ್ಪಿದ ಬೇಸರ ಇನ್ನೂ ಇದೆ.

ಈಗ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ನಮ್ಮ ಕಡೆ ಜಾತ್ರೆ, ಕೋಲಗಳು ಮುಗಿಯುವ ದಿನ) ಕಳೆದು ಬಾಡಿಗೆ ಕಡಿಮೆಯಾದ ಕೂಡಲೇ ಗಾಡಿ ಎತ್ತಿಸಿ, ಅಡಿಭಾಗ ತೊಳೆಸಿ, ಒಣಗಿಸಿ, ತುಕ್ಕು ತಡೆಯುವ ಕೋಟಿಂಗ್ ಹೊಡೆಸುತ್ತೇನೆ. ಮಳೆ ಹಿಡಿಯುವುದಕ್ಕೆ ಮೊದಲು ಎರಡು ದಿನದ ಕೆಲಸ.