ಬಿದಿರಿನ ಆರ್ಗನ್ ಕೇಳಿದ್ದೀರಾ?

ಫಿಲಿಪೀನ್ಸ್‌ನ ಮನಿಲಾ ಕಡೆ ಹೋದರೆ ಲಾಸ್ ಪಿನ್ಯಾಸ್ ಚರ್ಚ್‌ನ ಆರ್ಗನ್ ನೋಡದೆ ಬರಬೇಡಿ. ಆರ್ಗನ್ ಅಂದ್ರೆ ಕೊಳವೆಗಳಿಗೆ ಗಾಳಿ ಹಾಯಿಸಿ ಕೀಲಿಮಣೆಯಿಂದ ನುಡಿಸೋ ದೊಡ್ಡ ವಾದ್ಯ. ಒಟ್ಟು 1031 ಕೊಳವೆ, ಅದರಲ್ಲಿ 902 ಬಿದಿರಿನವು! ದಿಯೆಗೊ ಸೆರಾ ಅನ್ನೋ ಸ್ಪೇನ್ ಪಾದ್ರಿ 1816ರಲ್ಲಿ ಶುರುಮಾಡಿ 1824ಕ್ಕೆ ಮುಗಿಸಿದರು. ಹುಳು ಹಿಡಿಯದಿರಲಿ ಅಂತ ಬಿದಿರನ್ನು ಮೊದಲು ಸಮುದ್ರ ದಂಡೆಯ ಮರಳಲ್ಲಿ ಹೂತಿಟ್ಟಿದ್ದರಂತೆ, ಎಂಥಾ ತಾಳ್ಮೆ ಅಲ್ವಾ! ಮುಂದಕ್ಕೆ ಚಾಚಿರುವ ತುತ್ತೂರಿಯಂಥ ಕೊಳವೆಗಳು ಲೋಹದವು, ಅವು ಗದರುತ್ತವೆ. ಬಿದಿರು ಮಾತ್ರ ನಮ್ಮ ಕೊಳಲಿನ ಹಾಗೆ ಉಸಿರು ಬೆರೆತ ದನಿ, ಸುಮ್ನೆ ಕಣ್ಣು ಮುಚ್ಚಿ ಕೂತುಬಿಟ್ಟೆ. ಭೂಕಂಪ, ಚಂಡಮಾರುತಕ್ಕೆ ಸಿಕ್ಕಿ ಎಷ್ಟೋ ಕಾಲ ಕೆಟ್ಟು ಬಿದ್ದಿತ್ತು. 1973ರಲ್ಲಿ ಬಿಚ್ಚಿ ಜರ್ಮನಿಯ ಬಾನ್‌ಗೆ, ಆರ್ಗನ್ ತಯಾರಿಸೋ ಕ್ಲೈಸ್ ಕಂಪನಿಗೆ ರಿಪೇರಿಗೆ ಕಳಿಸಿದರು. 1975ರಲ್ಲಿ ವಾಪಸ್ ಬಂತು. ದಾರಿಯ ಟ್ರಾಫಿಕ್ ಜಾಸ್ತಿ, ಬೇಗ ಹೊರಡಿ. ನನ್ನ ರೇಟಿಂಗ್ ಐದಕ್ಕೆ ಐದು.